ಓವಲ್ ಟೆಸ್ಟಿಗೆ ಹನ್ನೊಂದು ಮಂದಿ ಯಾರ್ಯಾರು? ಕರುಣ್ ಬರಬೇಕಾ, ಕುಲದೀಪ್ ಇನ್ನಾ ನೀರೇ ಕೊಡಬೇಕಾ?

ಎಡದಂಡೆ ಕಾರಟಗಿ · 28 ಜುಲೈ 2025, ಮುಂಜಾನೆ 7:10

ನಿನ್ನೆ ರಾತ್ರಿ ಇಂಗ್ಲೆಂಡ್ ವಿರುದ್ಧದ ನಾಕ್ನೇ ಟೆಸ್ಟ್, ಮ್ಯಾಂಚೆಸ್ಟರ್ ಮ್ಯಾಚ್ ಮುಗಿಯೋತನಕ ಎದ್ದಿದ್ದೆ, ಮುಂಜಾನೆ ಐದಕ್ಕ ಗದ್ದಿಗೆ ನೀರ್ ಕಟ್ಟಾಕ ಹೋಗಿ ಈಗ ಬಂದು ಟೈಪ್ ಮಾಡಾಕತ್ತೀನಿ, ತಪ್ಪಿದ್ರ ಹೊಟ್ಟಿಗೆ ಹಾಕ್ಕೊಳ್ರಿ. ಸೊನ್ನಿಗೆ ಎರಡು ವಿಕೆಟ್ ಹೋಗಿದ್ವು, ಅಲ್ಲಿಂದ 143 ಓವರ್ ಆಡಿ ಮ್ಯಾಚ್ ಉಳಿಸ್ಯಾರ. ರಾಹುಲ್ 90, ಗಿಲ್ 103, ಆಮ್ಯಾಲೆ ಜಡೇಜಾ ಸುಂದರ್ ಇಬ್ರೂ ಸೆಂಚುರಿ. ಇಂಗ್ಲೆಂಡ್ ಕ್ಯಾಪ್ಟನ್ ಸ್ಟೋಕ್ಸ್ ಡ್ರಾ ಮಾಡ್ಕೊಳ್ಳೋಣು ಅಂತ ಕೈ ಚಾಚಿದಾಗ ನಾವ್ ಇನ್ನಾ ಆಡ್ತೀವಿ ಅಂದ್ರಲ್ಲ, ಅದನ್ನ ಮೂರು ಸಲ ತಿರುವಿ ತಿರುವಿ ನೋಡೀನಿ.

ಖುಷಿ ಆತು ಖರೆ. ಆದ್ರ ಈಗ 2-1 ಹಿಂದ ಇದ್ದೀವಿ, ಗುರುವಾರ ಲಂಡನ್ನಿನ ಓವಲ್‌ದಾಗ ಐದ್ನೇ, ಕಡೀ ಟೆಸ್ಟ್, ಅಲ್ಲಿ ಡ್ರಾ ಆದ್ರ ಸರಣಿ ಹೋತು. ಗೆಲ್ಲಾಕ 20 ವಿಕೆಟ್ ಬೇಕು, ಆ 20 ವಿಕೆಟ್ ತೆಗೆಯೋರ ಬಗ್ಗೆ ಯಾರೂ ಮಾತಾಡವಲ್ರು, ಎಲ್ಲಾರೂ 8ನೇ ನಂಬರ್‌ದಾಗ ಯಾರು ಬ್ಯಾಟ್ ಬೀಸ್ತಾರ ಅಂತಾರ.

ನನ್ನ ಲೆಕ್ಕ ಇಷ್ಟ. ಮೊದಲ ಟೆಸ್ಟಿನ್ಯಾಗ, ಲೀಡ್ಸ್‌ದಾಗ, 430ಕ್ಕ 3 ಇದ್ದದ್ದು 471ಕ್ಕ ಆಲೌಟ್ ಆತು. ಎರಡ್ನೇ ಇನಿಂಗ್ಸ್‌ದಾಗ 333ಕ್ಕ 4 ಇದ್ದದ್ದು 364. ಒಂದೇ ಮ್ಯಾಚಿನ್ಯಾಗ ಐದು ಸೆಂಚುರಿ ಹೊಡ್ದೂ ಸೋತ ಟೀಮ್ ಟೆಸ್ಟ್ ಇತಿಹಾಸದಾಗ ನಮ್ದೊಂದ. ಹೋದ ವರ್ಷ ಆಗಸ್ಟ್‌ದಾಗ ನಮ್ಮ ತುಂಗಭದ್ರಾ ಡ್ಯಾಮಿಂದು 19ನೇ ಗೇಟು ಚೈನ್ ಕಿತ್ಕೊಂಡು ಹೋತಲ್ಲ, ಹಂಗಾತು ಅದು. ಅದಾದ ಮ್ಯಾಲೆ ಏನ್ ಮಾಡ್ಯಾರ? 105 ಟಿಎಂಸಿ ಹಿಡಿಯೋ ಡ್ಯಾಮಿಗೆ ಈ ವರ್ಷ 80 ಸಾಕು ಅಂದಾರ, ಹೆದ್ರಿಕಿ. ಇಂಡಿಯಾ ಟೀಮಿಂದೂ ಸೇಮ್. ಲೀಡ್ಸ್‌ದಾಗ ಬಾಲ, ಅಂದ್ರ ಕಡೀಗೆ ಬ್ಯಾಟಿಂಗಿಗೆ ಬರೋರು, ಕಿತ್ತು ಹೋತು ಅಂತ ನಿತೀಶ್ ಬಂದ, ಸುಂದರ್ ಬಂದ, ಶಾರ್ದೂಲ್ ಮತ್ತ ಬಂದ, ಸ್ಪಿನ್ನರ್ ಕುಲದೀಪ್ ಮಾತ್ರ ಹಸಿರ್ ಜಾಕೆಟ್ ಹಾಕ್ಕೊಂಡು ಬಾಟ್ಲಿ ಹಿಡ್ಕೊಂಡು ಓಡ್ಯಾಡಾಕತ್ತಾನ. 13 ಟೆಸ್ಟಿಗೆ 56 ವಿಕೆಟ್ ತಗೊಂಡ ಮನಷ್ಯಾ ಅಂವ. ಮ್ಯಾಂಚೆಸ್ಟರ್‌ದಾಗ 669 ಹೊಡಿಸ್ಕೊಂಡ್ರಲ್ಲ, ಅದರಾಗ ಶಾರ್ದೂಲ್ ಹಾಕಿದ್ದು 11 ಓವರ್. ಹನ್ನೊಂದ! ಬೌಲಿಂಗ್ ಕೊಡದಿದ್ದ ಮ್ಯಾಲೆ ಬೌಲರ್ ಅಂತ ಯಾಕ ತಗೋಬೇಕು?

ನನ್ನ ಟೀಮ್: ಜೈಸ್ವಾಲ್, ರಾಹುಲ್, ಸಾಯಿ, ಗಿಲ್, ಕರುಣ್, ಜುರೆಲ್, ಜಡೇಜಾ, ಕುಲದೀಪ್, ಆಕಾಶ್ ದೀಪ್, ಪ್ರಸಿದ್ಧ್, ಸಿರಾಜ್. ಬೈಯೋರು ಬೈರಿ.

ಬಳ್ಳಾರಿ ಕೋಟೆ · 7:42

ಅಣ್ಣಾ ನಿಮ್ ಟೀಮಲ್ಲಿ ವಾಷಿಂಗ್ಟನ್ ಸುಂದರ್ ಎಲ್ಲಿ??? ನಿನ್ನೆ ಸೆಂಚುರಿ ಹೊಡ್ದೋನ್ನ ಇವತ್ತು ಕಿತ್ತಾಕ್ತೀರಾ? ಅವನಿಲ್ದಿದ್ರೆ ಸರಣಿ ನಿನ್ನೇನೇ ಮುಗ್ದೋಗ್ತಿತ್ತು. ಲಾರ್ಡ್ಸಲ್ಲಿ 22 ರನ್‌ಗೆ 4 ವಿಕೆಟ್ ತಗೊಂಡಿದ್ದೂ ಅವನೇ, ಅದ್ರಲ್ಲಿ ರೂಟ್, ಸ್ಟೋಕ್ಸ್ ಇಬ್ರೂ ಇದ್ರು. ಕುಲದೀಪ್ ಒಳ್ಳೆ ಬೌಲರ್, ಇಲ್ಲ ಅನ್ನಲ್ಲ, ಆದ್ರೆ ಯಾರನ್ನ ತೆಗ್ದು? ಈ ಪ್ರಶ್ನೆ ಕೇಳಿದ್ರೆ ಕುಲದೀಪ್ ಫ್ಯಾನ್ಸ್ ಎಲ್ಲ ಫೋನ್ ಸ್ವಿಚಾಫ್.

ಮಾನ್ವಿ ಟೇಲೆಂಡ್ · 7:50

ನಮ್ಮ ಮಾನ್ವಿ ಸಿರವಾರ ಕಡಿ ಕಾಲುವಿ ಟೇಲೆಂಡಿಗೆ ನೀರು ಮುಟ್ಟಂಗಿಲ್ಲ, ಇಂಡಿಯಾ ಟೇಲೆಂಡಿಗೆ ರನ್ ಮುಟ್ಟಂಗಿಲ್ಲ. ಮ್ಯಾಲಿನೋರು ಎಲ್ಲಾ ಕುಡ್ದ್ ಬಿಡ್ತಾರ.

ಎಡದಂಡೆ ಕಾರಟಗಿ · 7:58

@ಮಾನ್ವಿ ಟೇಲೆಂಡ್ ಕಾರಟಗಿಯವರಿಗೆ ಹಾಕಿದ ಗುದ್ದು ಅಂತ ಗೊತ್ತಾತು ಬಿಡಪಾ 😄 ಕ್ರಿಕೆಟ್ ಮಾತಾಡು.

@ಬಳ್ಳಾರಿ ಕೋಟೆ ತಮ್ಮಾ, ಸುಂದರ್‌ನ ತೆಗೀಬೇಕಂತ ನನಗೇನ್ ಹುಕಿ ಇಲ್ಲ. ಬೇಕಾದ್ರ ಸಾಯಿ ಸುದರ್ಶನ್‌ನ ತೆಗಿ, ಸುಂದರ್‌ನ ಮ್ಯಾಲೆ ಕಳ್ಸು. ನಾ ಹೇಳೋದು, ವಿಕೆಟ್ ತೆಗೆಯೋನ ಜಾಗ ರನ್ ಹೊಡಿಯೋನಿಗೆ ಕೊಡಬ್ಯಾಡ ಅಂತ.

ಶಕ್ತಿನಗರ ನೈಟ್‌ಶಿಫ್ಟ್ · 8:35

ಈಗ ಡ್ಯೂಟಿ ಮುಗಿಸಿ ಬಂದೆ. ರಾತ್ರಿ ಕಂಟ್ರೋಲ್ ರೂಮಿನ್ಯಾಗ ಸ್ಕೋರ್ ನೋಡೂ ಹಂಗಿಲ್ಲ, ಚಾ ಕುಡಿಲಿಕ್ಕೆ ಹೊರಗ ಬಂದಾಗೆಲ್ಲ ಸೆಕ್ಯುರಿಟಿ ಕಾಕಾನ್ನ ಕೇಳ್ತಿದ್ದೆ, ಆ ಮನಷ್ಯಾ "ಇನ್ನಾ ಅದಾರ, ಇನ್ನಾ ಅದಾರ" ಅಂತಿದ್ದ ಅಷ್ಟ, ಯಾರದಾರ ಅಂತ ಹೇಳಾಂಗಿಲ್ಲ.

ನನ್ನ ಮಾತು ಕರುಣ್ ಬಗ್ಗೆ. ಓವಲ್ ಅಂದಕೂಡ್ಲೆ ನನಗ 2018 ನೆನಪಾಗ್ತದ. ಕರುಣ್ ನಾಯರ್ ಆ ಸರಣಿ ಪೂರಾ ಬೆಂಚ್ ಮ್ಯಾಲೆ ಕುಂತಿದ್ದ. ಕಡೀ ಟೆಸ್ಟ್ ಓವಲ್‌ದಾಗ, ಸರಣಿ ಆಗ್ಲೇ ಕೈ ಬಿಟ್ಟಿತ್ತು, ಈಗಾದ್ರೂ ಆಡಸ್ತಾರ ಅಂತ ನಾವು ಕಾದ್ರ ಹಿಂದಿಂದ ಬಂದು ಟೀಮ್ ಸೇರಿದ್ದ ವಿಹಾರಿನ್ನ ಆಡ್ಸಿದ್ರು. ವಿಹಾರಿ 56 ಹೊಡ್ದ, ಅವಂದೇನ್ ತಪ್ಪಿಲ್ಲ ಬಿಡ್ರಿ. ಆದ್ರ ಕುಂತೋನು ಕುಂತೇ ಹ್ವಾದ. 303 ನಾಟೌಟ್ ಹೊಡ್ದು ಮುಂದಿನ ಟೆಸ್ಟಿಗೇ ಹೊರಗ ಬಿದ್ದೋನು. ಈಗ ಏಳು ವರ್ಷದ ಮ್ಯಾಲೆ ಅದ ಓವಲ್. ಇಲ್ಲಿ ಆಡಿಸದಿದ್ರ ಪಾಪ ತಟ್ಟತದ.

ಸಿಂಧನೂರಕ್ಕ · 9:20

ಪಾಪ ಪುಣ್ಯ ಎಲ್ಲಾ ಬ್ಯಾರೆ ತಮ್ಮಾ. ಲೆಕ್ಕ ನೋಡು. ಕರುಣ್ 0, 20, 31, 26, 40, 14. ಆರು ಇನಿಂಗ್ಸಿಗೆ 131. ಒಂದೂ ಅರ್ಧ ಸೆಂಚುರಿ ಇಲ್ಲ. ಇದು ಬ್ಯಾರೆ ರಾಜ್ಯದ ಹುಡ್ಗ ಆಗಿದ್ರ ನೀವೆಲ್ಲಾ ಏನ್ ಬರೀತಿದ್ರಿ ಅಂತ ನನಗ ಗೊತ್ತೈತಿ.

ಸಾಯಿ ಸುದರ್ಶನಂದೂ 0, 30, 61, 0. ನಾಕಕ್ಕ 91. ಅಂವ ಸಣ್ಣೋನು ಅಂತ ಎಲ್ಲಾರೂ ಸುಮ್ನದಾರ. ಹಂಗಾದ್ರ ಇಬ್ಬರಿಗೂ ಒಂದ ತಕ್ಕಡಿ ಹಿಡೀರಿ.

ಗಣಿಧೂಳು ಸಂಡೂರು · 9:31

ಅಕ್ಕಾರು ಹೇಳಿದ್ದು ಕರೆಕ್ಟ್. ಇನ್ನೊಂದು ವಿಷಯ, "ನಮ್ಮ ಕರುಣ್" "ನಮ್ಮ ಕರುಣ್" ಅಂತೀರಲ್ಲ, ಹೋದ ಎರಡು ಸೀಜನ್ ಅವರು ವಿದರ್ಭದೋರು ಸ್ವಾಮಿ. ರಣಜಿ ಕಪ್ ನಾಗಪುರಕ್ಕೆ ಹೋಯ್ತು. ಇಲ್ಲಿದ್ದಾಗ ಕೈಬಿಟ್ವಿ, ಅಲ್ಲಿ ಹೋಗಿ ರನ್ ಹೊಡ್ದ ಮೇಲೆ ನಮ್ಮೋರು ಆದ್ರು. ಕುಂಭಮೇಳದಲ್ಲಿ ಕಳ್ಕೊಂಡ ಅಣ್ಣ ತಮ್ಮನ ಥರ ಅಳ್ತಾ ಇದೀರ.

ಮತ್ತೆ ಪ್ರಸಿದ್ಧ್? ಲೀಡ್ಸಲ್ಲಿ 20 ಓವರಿಗೆ 128 ಕೊಟ್ರು. ಎಜ್‌ಬಾಸ್ಟನ್ನಲ್ಲಿ ಸ್ಮಿತ್ ಒಂದೇ ಓವರಲ್ಲಿ 23 ಹೊಡ್ದ. ಅಂಥೋರನ್ನ ಕಡೇ ಟೆಸ್ಟಿಗೆ ತರ್ತೀರಾ? ಬರ್ಕೊಡ್ತೀನಿ, ಓವಲಲ್ಲಿ ಪ್ರಸಿದ್ಧ್ ಒಂದು ಇನಿಂಗ್ಸಲ್ಲಿ 4 ವಿಕೆಟ್ ತೆಗ್ದ್ರೆ ಈ ಚರ್ಚೆಯಲ್ಲಿರೋ ಎಲ್ಲರಿಗೂ ವಗ್ಗಾಣಿ ಮಿರ್ಚಿ ನನ್ನ ಖರ್ಚು.

ಮಾನ್ವಿ ಟೇಲೆಂಡ್ · 9:33

ಸ್ಕ್ರೀನ್‌ಶಾಟ್ ತೆಗ್ದೀನಿ.

ಕೊಪ್ಪಳ ಲೆಗ್‌ಬ್ರೇಕ್ · 10:15

ಕುಲದೀಪ್ ಬಗ್ಗೆ ನಾ ಮಾತಾಡದಿದ್ರ ಯಾರ್ ಮಾತಾಡಬೇಕು, ಹೆಸರ ಹಂಗ ಇಟ್ಕೊಂಡೀನಿ.

ಒಂದ್ ಮಾತು ತಿಳ್ಕೊಳ್ರಿ, ಬೆರಳಿಂದ ತಿರುವೋನು ಪಿಚ್ ಕೇಳಿ ಬೌಲಿಂಗ್ ಹಾಕ್ತಾನ, ಮಣಿಕಟ್ಟಿಂದ ತಿರುವೋನಿಗೆ ಪಿಚ್ ಅಷ್ಟ ಬೇಕಾಗಂಗಿಲ್ಲ. ನಮ್ಮ ಕಡಿ ಎರಿ ಮಣ್ಣಿನ ಮ್ಯಾಲೆ ಮ್ಯಾಟ್ ಹಾಸಿ ಆಡ್ತೀವಿ, ಕೆಳಗ ಬಿರುಕು ಬಿಟ್ಟಿರ್ತದ, ಮ್ಯಾಟಿನ ನಾಕೂ ಮೂಲಿಗೆ ಮೊಳಿ ಬಡ್ದಿದ್ರೂ ನಡುವು ಉಬ್ಬಿರ್ತದ, ಅದರ ಮ್ಯಾಲೆ ನಮ್ಮ ಟೀಮಿನ ಆಫ್‌ಸ್ಪಿನ್ನರ್ ಬಾಲ್ ನೆಟ್ಟಗ ಹೊಕ್ಕಾವು, ನಂದು ತಿರಗತಾವು. ಆದ್ರೂ ನಮ್ಮ ಕ್ಯಾಪ್ಟನ್ ನನಗ ಬಾಲ್ ಕೊಡೋದು ಯಾವಾಗ ಗೊತ್ತೇನ್ರಿ? ಎದುರಿನೋರು ನೂರಾ ಎಂಬತ್ತು ಹೊಡ್ದು ಊಟಕ್ಕ ತಯಾರಾದಾಗ. ಮೊದಲ ಓವರ್ ಹದಿನಾಲ್ಕು ಹೋದ್ರ ಸಾಕು, "ನಾ ಹೇಳಿದ್ದಿಲ್ಲಾ" ಅಂತ ಮುಖ ನೋಡ್ತಾರ. ಲೆಗ್‌ಸ್ಪಿನ್ನರಿಗೆ ನಾಕು ಕೆಟ್ಟ ಓವರ್ ಹಾಕೋ ಪರ್ಮಿಶನ್ ಕೊಡಬೇಕ್ರಿ, ಐದ್ನೇದ್ದು ಮ್ಯಾಚ್ ತಿರುವ್ತದ. ಆ ಧೈರ್ಯ ಕ್ಯಾಪ್ಟನ್‌ಗೆ ಬೇಕು. ಗಿಲ್‌ಗೆ 722 ರನ್ ಹೊಡಿಯೋ ಧೈರ್ಯ ಐತಿ, ಈ ಧೈರ್ಯ ಇಲ್ಲ.

ನಾಕು ಟೆಸ್ಟ್ ಆತು. ಕುಲದೀಪಂದು ಒಂದೂ ಬಾಲ್ ಇಲ್ಲ. ಗವಿಸಿದ್ದಪ್ಪಾ ನೀನ ನೋಡ್ಕೋ.

ಬಳ್ಳಾರಿ ಕೋಟೆ · 10:40

ಕುಲದೀಪ್ ಕಥೆ ಹೇಳ್ತೀನಂತ ಬಂದು ನಿಮ್ ಕಥೆ ಹೇಳ್ಬಿಟ್ರಿ ಗುರುವೇ 😂

ಕೊಪ್ಪಳ ಲೆಗ್‌ಬ್ರೇಕ್ · 10:41

ಎರಡೂ ಒಂದ.

ನಿವೃತ್ತ ಮೇಷ್ಟ್ರು ಲಿಂಗಸುಗೂರು · ಮಧ್ಯಾಹ್ನ 1:05

ಹುಡುಗರೇ, ಓವಲ್ ಮೈದಾನದ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ನಮ್ಮವರಿಗೆ ಒಲಿದ ಮೈದಾನ ಒಂದಿದ್ದರೆ ಅದೇ. 1971ರ ಆಗಸ್ಟಿನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು, ಪೋಲಿಯೊ ಬಂದು ಸೊರಗಿದ ಅದೇ ಬಲಗೈಯಿಂದ. ನಾವು ಆ ನಾಡಿನಲ್ಲಿ ಗೆದ್ದ ಮೊದಲ ಟೆಸ್ಟ್, ಮೊದಲ ಸರಣಿ. ಗೆದ್ದ ದಿನ ಗಣೇಶ ಚೌತಿ, ಮೈದಾನದೊಳಗೆ ಆನೆಯನ್ನೂ ಕರೆತಂದಿದ್ದರು. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ, ಕಿರಾಣಿ ಅಂಗಡಿ ಶೆಟ್ಟರ ಕಟ್ಟೆಯ ಮೇಲೆ ಕುಳಿತು ಸುದ್ದಿ ಕೇಳಿದ್ದು. ಕಡುಬು ತಿನ್ನುತ್ತ ಕೇಳಿದ್ದರಿಂದ ಇಂದಿಗೂ ನನಗೆ ಚಂದ್ರ ಎಂದರೆ ಕಡುಬಿನ ವಾಸನೆ.

ಆಮೇಲೆ ದ್ರಾವಿಡ್ 2002ರಲ್ಲಿ ಅಲ್ಲೇ 217, ಕುಂಬ್ಳೆ 2007ರಲ್ಲಿ ಅಲ್ಲೇ 110 ನಾಟೌಟ್, ಅವರ ಏಕೈಕ ಟೆಸ್ಟ್ ಶತಕ. 2011ರಲ್ಲಿ ದ್ರಾವಿಡ್ ಆರಂಭಕ್ಕೆ ಬಂದು 146 ಹೊಡೆದು ಔಟಾಗದೆ ಉಳಿದರು, ಫಾಲೋಆನ್ ಆಗಿ ತಂಡ ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾದದ್ದರಿಂದ ಪ್ಯಾಡ್ ಬಿಚ್ಚಿದಂತೆ ಮಾಡಿ ಮತ್ತೆ ಕಟ್ಟಿಕೊಂಡು ಬಂದರು. 2018ರಲ್ಲಿ ರಾಹುಲ್ 149. ಈ ಸರಣಿಯಲ್ಲಿ ರಾಹುಲ್ ಈಗಾಗಲೇ 511 ರನ್ ಮಾಡಿದ್ದಾನೆ, ಅವನ ಬಗ್ಗೆ ಇಲ್ಲಿ ಯಾರೂ ಒಂದು ಸಾಲೂ ಬರೆದಿಲ್ಲವಲ್ಲ! ಚೆನ್ನಾಗಿ ಆಡುವವನ ಬಗ್ಗೆ ಮಾತಾಡಲು ನಿಮಗೆ ಏನೂ ಸಿಗುವುದಿಲ್ಲವೇ?

ಸಿಂಧನೂರಕ್ಕ · 1:20

ಸರ್ ನಮಸ್ಕಾರ. ರಾಹುಲ್ ಬಗ್ಗೆ ಬರೆದ್ರ ಕಣ್ಣ ಬೀಳ್ತೈತಿ ಅಂತ ಸುಮ್ನಿದ್ದೆ. ಹೋದ ವರ್ಷ ಇದ ಮಂದಿ ಅವನ್ನ ತೆಗೀರಿ ತೆಗೀರಿ ಅಂತಿದ್ರು. ಈಗ ಆಫ್‌ಸ್ಟಂಪ್ ಹೊರಗಿನ ಬಾಲ್ ಹೆಂಗ ಬಿಡ್ತಾನ ನೋಡ್ರಿ, ಬ್ಯಾಟ್ ಮೈಗೆ ಅಂಟ್ಕೊಂಡಿರ್ತೈತಿ, ಬಾಲ್ ಕಣ್ಣ ಕೆಳಗ ಬರೋತನಕ ಕಾಯ್ತಾನ. 230 ಬಾಲ್ ಆಡ್ಯಾನ ಮ್ಯಾಂಚೆಸ್ಟರ್‌ದಾಗ.

ಕರುಣ್ ಮತ್ತ ಅವನಿಗೆ ಇರೋ ಫರಕ ಅದ. ಲಾರ್ಡ್ಸ್ ಎರಡ್ನೇ ಇನಿಂಗ್ಸ್‌ದಾಗ ಕಾರ್ಸ್ ಒಳಗ ತಂದ ಬಾಲಿಗೆ ಕರುಣ್ ಬ್ಯಾಟೇ ಎತ್ತಿ ಬಿಟ್ಟ, ಎಲ್‌ಬಿ. ಅಲ್ಲಿಂದ ಮ್ಯಾಚ್ ಜಾರಿತು. ಅದೊಂದು ಬಾಲು ನನಗ ಇನ್ನಾ ಗಂಟಲದಾಗ ಸಿಕ್ಕೊಂಡೈತಿ.

ಎಡದಂಡೆ ಕಾರಟಗಿ · 2:10

ಅಕ್ಕಾ ಆ ಬಾಲ್ ಒಪ್ಪೀನಿ. ಆದ್ರ 0 ಬಿಟ್ರ ಉಳಿದ ಐದೂ ಇನಿಂಗ್ಸ್‌ದಾಗ ಸೆಟ್ ಆಗಿ ಔಟಾಗ್ಯಾನ. ಸೆಟ್ ಆಗಾಕ ಬರವಲ್ದು ಅನ್ನೋದು ಬ್ಯಾರೆ, ದೊಡ್ಡದು ಮಾಡಾಕ ಬರವಲ್ದು ಅನ್ನೋದು ಬ್ಯಾರೆ. ಮೊದಲ್ನೇದಕ್ಕ ತೆಗೀಬೇಕು, ಎರಡ್ನೇದಕ್ಕ ಇನ್ನೊಂದು ಚಾನ್ಸ್ ಕೊಡ್ಬೇಕು. ಮತ್ತ ಪಂತ್ ಕಾಲು ಮುರ್ಕೊಂಡು ಹೋದ ಮ್ಯಾಲೆ ನಡುವ್ಯಾಗ ಒಬ್ಬ ಪಕ್ಕಾ ಬ್ಯಾಟ್ಸ್‌ಮನ್ ಬೇಕಲ್ಲ. ವಿದರ್ಭ ಅಂತ ಹಂಗಿಸ್ತಾರಲ್ಲ ಗಣಿಧೂಳು, ಆ ರಣಜಿ ಸೀಜನ್‌ದಾಗ 863 ರನ್, ವಿಜಯ್ ಹಜಾರೆದಾಗ 779. ದೇಸಿ ಕ್ರಿಕೆಟ್‌ದಾಗ ಇಷ್ಟ ಹೊಡ್ದೋನಿಗೆ ಆರು ಇನಿಂಗ್ಸಿಗೆ ಬಾಗ್ಲಾ ಹಾಕಿದ್ರ ರಣಜಿ ಯಾಕ ಆಡಸ್ತೀರಿ, ನಿಲ್ಲಿಸ್ಬಿಡ್ರಿ.

ಶಕ್ತಿನಗರ ನೈಟ್‌ಶಿಫ್ಟ್ · 29 ಜುಲೈ, ಸಂಜೆ 6:30

ಬುಮ್ರಾ? ಯಾರೂ ಕೇಳವಲ್ರಿ. ಮೂರ ಟೆಸ್ಟ್ ಅಂತ ಮೊದಲ ಹೇಳ್ಯಾರ, ಮೂರೂ ಆದವು, 14 ವಿಕೆಟ್.

ಬಳ್ಳಾರಿ ಕೋಟೆ · 6:48

ಮ್ಯಾಂಚೆಸ್ಟರಲ್ಲಿ ನೋಡಿದ್ರಲ್ಲ, 112 ಕೊಟ್ಟ. ಟೆಸ್ಟಲ್ಲಿ ಒಂದು ಇನಿಂಗ್ಸಿಗೆ ನೂರು ಕೊಟ್ಟಿದ್ದು ಅದೇ ಮೊದ್ಲು. ದಣಿದಿದಾನೆ. ಆದ್ರೂ ಸರಣಿ ಉಳಿಸೋ ಮ್ಯಾಚು ಗುರು, ನಾನಾಗಿದ್ರೆ ಇಂಜೆಕ್ಷನ್ ಹಾಕ್ಸಿ ಆಡಿಸ್ತಿದ್ದೆ.

ಶಕ್ತಿನಗರ ನೈಟ್‌ಶಿಫ್ಟ್ · 6:55

ಹಂಗಲ್ಲೋ. ನಮ್ಮ ಕರೆಂಟ್ ಪ್ಲಾಂಟಿನ್ಯಾಗ ಬಾಯ್ಲರ್ ಟ್ಯೂಬ್ ಲೀಕ್ ಆದ್ರ ಯೂನಿಟ್ ನಿಲ್ಲಸಲೇಬೇಕು, ಡಿಮಾಂಡ್ ಎಷ್ಟ ಇರಲಿ. ಇಲ್ಲಾ ಇನ್ನಾ ನಾಕ ದಿನ ಓಡಸ್ತೀನಿ ಅಂದ್ರ ಪಕ್ಕದ ಹತ್ತು ಟ್ಯೂಬ್ ಹರೀತಾವು, ಆಮ್ಯಾಲೆ ತಿಂಗಳಗಟ್ಲೆ ಯೂನಿಟ್ ಮಲಗ್ತದ. ಬೆನ್ನು ಒಮ್ಮಿ ಆಪರೇಷನ್ ಆದ ಮನಷ್ಯಾ ಅಂವ. ಮತ್ತ ಎಜ್‌ಬಾಸ್ಟನ್ ಬುಮ್ರಾ ಇಲ್ದ ಗೆದ್ದೀವಿ, 336 ರನ್ನಿಂದ. ಸಿರಾಜ್ ಅದಾನಲ್ಲ. ನಾಕು ಟೆಸ್ಟ್ ಬಿಡದ ಆಡ್ಯಾನ, ಅವನಿಗೆ ವರ್ಕ್‌ಲೋಡ್ ಅಂತ ಯಾರಾರ ಕೇಳ್ಯಾರೇನು? ಆಟೋ ಓಡಸೋರ ಮಗ, ಹೈದರಾಬಾದಿನೋನು, ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ರ, ಅಂದ್ರ ನಮ್ಮೋನ.

ಗಣಿಧೂಳು ಸಂಡೂರು · 7:02

ಕರುಣ್ ನಮ್ಮೋರು, ಸಿರಾಜ್ ನಮ್ಮೋರು. ಹಂಗೇ ಸ್ಟೋಕ್ಸ್‌ಗೂ ಒಂದು ಆಧಾರ್ ಮಾಡಿಸಿಕೊಡಿ.

ಮಾನ್ವಿ ಟೇಲೆಂಡ್ · 30 ಜುಲೈ, ಸಂಜೆ 5:40

ಸ್ಟೋಕ್ಸ್ ಇಲ್ಲಂತ! ಭುಜ ಪೆಟ್ಟಾಗೇತಿ. ಪೋಪ್ ಕ್ಯಾಪ್ಟನ್. ಆರ್ಚರ್ ಇಲ್ಲ, ಡಾಸನ್ ಸೈತ ಇಲ್ಲ. ಸ್ಪಿನ್ನರ್ ತೆಗ್ದು ನಾಕು ಜನ ಫಾಸ್ಟ್ ಬೌಲರ್ ಹಾಕ್ಯಾರ.

ಕೊಪ್ಪಳ ಲೆಗ್‌ಬ್ರೇಕ್ · 5:52

ಅಂದ್ರ ಪಿಚ್ ಹಸರೈತಿ. ಹೋತು ನಮ್ಮ ಕುಲದೀಪಂದು.

ಬಳ್ಳಾರಿ ಕೋಟೆ · 31 ಜುಲೈ, ಮಧ್ಯಾಹ್ನ 3:12

ಟಾಸ್ ಸೋತ್ವಿ. ಐದಕ್ಕೆ ಐದೂ. ಎಲ್ಲ ಫಾರ್ಮ್ಯಾಟ್ ಸೇರ್ಸಿ ಸತತ 15ನೇದು. ಗಿಲ್‌ಗೆ ಒಂದು ರೂಪಾಯಿ ಕಾಯಿನ್ ನಮ್ ದುರ್ಗಮ್ಮನ ಗುಡಿ ಹುಂಡಿಗೆ ಹಾಕೋಕೆ ಹೇಳ್ರಪ್ಪ.

ಟೀಮ್: ಕರುಣ್ ಇನ್! ಜುರೆಲ್, ಪ್ರಸಿದ್ಧ್, ಆಕಾಶ್ ದೀಪ್ ಇನ್. ಸುಂದರ್ ಇದಾನೆ. ಕುಲದೀಪ್ ಇಲ್ಲ.

ಎಡದಂಡೆ ಕಾರಟಗಿ · 3:20

ನನ್ನ ಹನ್ನೊಂದರಾಗ ಹತ್ತು ಕರೆಕ್ಟ್. ಕುಲದೀಪ್ ಒಬ್ಬಾವ ಮಿಸ್. ಹಸರ ಪಿಚ್ ಇದ್ದದ್ದಕ್ಕ ಈ ಮ್ಯಾಚಿಗೆ ನಾ ಜಗಳಾ ತೆಗ್ಯಂಗಿಲ್ಲ, ಮ್ಯಾಂಚೆಸ್ಟರಿಂದು ಮಾತ್ರ ಬಿಡಂಗಿಲ್ಲ.

ಶಕ್ತಿನಗರ ನೈಟ್‌ಶಿಫ್ಟ್ · ರಾತ್ರಿ 11:25

ಕರುಣ್ 52 ನಾಟೌಟ್!!!! 204ಕ್ಕ 6, ಮಳಿ ಬಂದು ಬಂದು ಹೋಗತಿತ್ತು, ಮ್ಯಾಲಿನೋರೆಲ್ಲಾ ಹೋಗ್ಯಾರ, ಗಿಲ್ ಸುಮ್ನ ರನೌಟ್ ಆದ, ಒಬ್ಬಾವ ನಿಂತಾನ. ಇವತ್ತ ರಜಾ ಹಾಕಿದ್ದೆ. ಸಾರ್ಥಕ ಆತು.

ಸಿಂಧನೂರಕ್ಕ · 11:31

ಚಲೋ ಆಡ್ಯಾನ. ಇವತ್ತ ನನ್ನ ಮಾತು ವಾಪಸ್ ತಗೋತೀನಿ. ಆದ್ರ ನಾಳೆ ನೂರು ಹೊಡೀಬೇಕು, ಇಲ್ಲಾಂದ್ರ ಇದೂ ಆ ಸಾಲಿನ್ಯಾಗ ಸೇರ್ತೈತಿ.

ಮಾನ್ವಿ ಟೇಲೆಂಡ್ · 1 ಆಗಸ್ಟ್, ಸಂಜೆ 4:15

57ಕ್ಕ ಹ್ವಾದ. ಆಮ್ಯಾಲೆ ಕಡೀ ನಾಕು ವಿಕೆಟ್ ಆರು ರನ್ನಿಗೆ. 218ಕ್ಕ 6 ಇದ್ದದ್ದು 224. ಟೇಲೆಂಡಿಗೆ ನೀರು ಬರಲೇ ಇಲ್ಲ.

ಗಣಿಧೂಳು ಸಂಡೂರು · 5:30

ಇಂಗ್ಲೆಂಡ್ 12 ಓವರಿಗೆ 90 ದಾಟ್ತು ಒಂದೂ ವಿಕೆಟ್ ಇಲ್ದೆ. ಎಲ್ಲಪ್ಪಾ ನಿಮ್ಮ ಪ್ರಸಿದ್ಧ್? ವಗ್ಗಾಣಿ ದುಡ್ಡು ಉಳೀತು.

ಮಾನ್ವಿ ಟೇಲೆಂಡ್ · ರಾತ್ರಿ 9:40

@ಗಣಿಧೂಳು ಸಂಡೂರು ಅಣ್ಣಾ ಎಲ್ಲಿದ್ದೀರಿ? ಕ್ರಾಲಿ, ಸ್ಮಿತ್, ಓವರ್ಟನ್, ಆಟ್ಕಿನ್ಸನ್. ಎಣಿಸ್ಕೊಳ್ರಿ. 62ಕ್ಕ 4. ಇಂಗ್ಲೆಂಡ್ 247 ಆಲೌಟ್. ಸಿರಾಜಂದೂ 4. ಮಿರ್ಚಿ ಬಿಸಿ ಇರಬೇಕು, ತಂಗಳಾ ನಡಿಯಂಗಿಲ್ಲ.

ಕೊಪ್ಪಳ ಲೆಗ್‌ಬ್ರೇಕ್ · 9:44

ನನಗ ಎರಡು ಮಿರ್ಚಿ ಹೆಚ್ಚಿಗಿ. ಮತ್ತ ಅದು ವಗ್ಗಾಣಿ ಅಲ್ಲ, ವಗ್ಗರಣಿ.

ಬಳ್ಳಾರಿ ಕೋಟೆ · 9:45

ವಗ್ಗಾಣಿ. ಚರ್ಚೆ ಬೇಡ. ಕುಲದೀಪ್ ಬಗ್ಗೆ ಬೇಕಾದ್ರೆ ಮಾತಾಡು, ವಗ್ಗಾಣಿ ತಂಟೆಗೆ ಬರಬೇಡ.

ಎಡದಂಡೆ ಕಾರಟಗಿ · 3 ಆಗಸ್ಟ್, ಸಂಜೆ 6:20

ಸಿರಾಜ್ ಏನ್ ಮಾಡಿದ್ಯೋ ಯಪ್ಪಾ! ಪ್ರಸಿದ್ಧ್ ಬಾಲಿಗೆ ಬ್ರೂಕ್ 19ಕ್ಕ ಮ್ಯಾಲೆ ಹೊಡ್ದ, ಸಿರಾಜ್ ಹಿಡದ, ಪ್ರಸಿದ್ಧ್ ಕೈ ಎತ್ತಿ ಕುಣಿಯಾಕತ್ತಿದ್ದ, ನೋಡಿದ್ರ ಹಿಂದಿನ ಹೆಜ್ಜಿ ಬೌಂಡರಿ ಹಗ್ಗಾ ಮುಟ್ಟೈತಿ. ಸಿಕ್ಸ್. ಈಗ ಅಂವ ನೂರರ ಸನೇ ಬಂದಾನ. ಅಂಗಡ್ಯಾಗ ರಸಗೊಬ್ಬರ ತೂಕ ಮಾಡೋದು ಬಿಟ್ಟು ಹತ್ತು ಮಂದಿ ಮೊಬೈಲ್ ಸುತ್ತ ನಿಂತೀವಿ, ಎಲ್ಲಾರೂ ಒಮ್ಮಿಗೆ ಹಣಿ ಬಡ್ಕೊಂಡ್ರು. 374 ಬೇಕು, ಹೊಡಿಯಂಗ ಕಾಣ್ತಾರ. ನಾ ಮನಿಗೆ ಹೊಂಟೆ.

ಸಿಂಧನೂರಕ್ಕ · 8:50

ಹೋದೋರು ವಾಪಸ್ ಬರ್ರಿ. ಬ್ರೂಕ್ 111ಕ್ಕ ಹೋದ, ಬೆಥೆಲ್ ಹೋದ, ರೂಟ್ 105ಕ್ಕ ಹೋದ. ಬೆಥೆಲ್ ರೂಟ್ ಇಬ್ರೂ ಪ್ರಸಿದ್ಧ್‌ಗೆ. 301ಕ್ಕ 3 ಇದ್ದದ್ದು ಈಗ 339ಕ್ಕ 6. ಬೆಳಕಿಲ್ಲ, ಮಳಿ. ನಾಳೆ ಇನ್ನಾ 35 ರನ್, 4 ವಿಕೆಟ್. ವೋಕ್ಸ್ ಬರತಾನೋ ಇಲ್ಲೋ, ಮೊದಲ ದಿನ ಕರುಣ್ ಹೊಡ್ದ ಬಾಲ್ ತಡಿಯಾಕ ಹೋಗಿ ಭುಜ ಕಳ್ಚಿಕೊಂಡಾನ.

ಶಕ್ತಿನಗರ ನೈಟ್‌ಶಿಫ್ಟ್ · 4 ಆಗಸ್ಟ್, ಸಂಜೆ 4:50

ಸಿರಾಜ್ ಸಿರಾಜ್ ಸಿರಾಜ್ ಸಿರಾಜ್!!!!! ಆರು ರನ್ನಿಂದ!!!!!!!!

ಕೈ ನಡಗಾಕತ್ಯಾವ. ಮೊದಲ ಎರಡು ಬಾಲಿಗೇ ಓವರ್ಟನ್ ಎರಡು ಫೋರ್ ಹೊಡ್ದಾಗ ನಾ ಟಿವಿ ಬಿಟ್ಟು ಬಾಲ್ಕನಿಗೆ ಹ್ವಾದೆ. ಪಕ್ಕದ ಮನಿಯಿಂದ ಹ್ವಾ ಅಂದಾಗೊಮ್ಮೆ ಒಳಗ ಬರೋದು. ಸ್ಮಿತ್ ಹ್ವಾದ, ಓವರ್ಟನ್ ಎಲ್‌ಬಿ, ಟಂಗ್‌ಗೆ ಪ್ರಸಿದ್ಧ್ ಹಾಕಿದ ಯಾರ್ಕರ್ ನೋಡಿದ್ರೇನು? ಆಮ್ಯಾಲೆ ವೋಕ್ಸ್ ಒಂದು ಕೈ ಸ್ವೆಟರಿನೊಳಗ ಕಟ್ಕೊಂಡು ಬಂದ, ಓಡೋವಾಗ ಮುಖ ಹಿಂಡಕೋತಿದ್ದ, ಅವನ್ನ ನೋಡಿ ನಮ್ಮವ್ವ "ಪಾಪ ಆ ಕೂಸಿಗೆ ಯಾಕ ಕಳಿಸ್ಯಾರ" ಅಂದ್ಲು. ಆಟ್ಕಿನ್ಸನ್ ಸಿಕ್ಸ್ ಹೊಡ್ದಾಗ, ಆಕಾಶ್ ದೀಪ್ ಕೈಯಾಗಿಂದ ಜಾರಿ ಹಗ್ಗದಾಚೆ ಹೋತಲ್ಲ, ಜೀವ ಬಾಯಿಗೆ ಬಂದಿತ್ತು. ಮುಂದಿಂದು ಆಫ್‌ಸ್ಟಂಪ್ ಹಾರಿದ್ದ ಕಂಡದ್ದು.

ಐದು ಟೆಸ್ಟ್, 185 ಓವರ್ ಮ್ಯಾಲೆ ಹಾಕ್ಯಾನ ಆ ಮನಷ್ಯಾ. 23 ವಿಕೆಟ್. ನಿನ್ನೆ ಹಗ್ಗಾ ತುಳಿದೋನು ಇವತ್ತ.

ನಿವೃತ್ತ ಮೇಷ್ಟ್ರು ಲಿಂಗಸುಗೂರು · 5:05

ರನ್ ಲೆಕ್ಕದಲ್ಲಿ ಭಾರತದ ಅತಿ ಸಣ್ಣ ಗೆಲುವು. 2004ರಲ್ಲಿ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ 13 ರನ್ನಿನಿಂದ ಗೆದ್ದದ್ದು ಇದುವರೆಗೆ ಸಣ್ಣದಾಗಿತ್ತು. 2-2. ಮನೆಯಲ್ಲಿ ಕಡುಬು ಮಾಡಲು ಹೇಳಿದ್ದೇನೆ, ಚೌತಿ ಇನ್ನೂ ದೂರವಿದ್ದರೂ.

ಎಡದಂಡೆ ಕಾರಟಗಿ · 5:30

ನಾ ನಿನ್ನೆ ಮನಿಗೆ ಹೋಗಿದ್ದು ಚಲೋ ಆತು, ನಾ ನೋಡಿದ್ರ ಸೋಲ್ತಿದ್ರು. ಇವತ್ತೂ ಗದ್ಯಾಗ ಇದ್ದೆ, ನಾಟಿ ಹಚ್ಚೋ ಹೆಣ್ಮಕ್ಕಳ ಮೊಬೈಲ್‌ದಾಗ ಸ್ಕೋರ್ ಕೇಳಿದ್ದು.

ಈಗ ನನ್ನ ಮಾತಿಗೆ ಬರ್ರಿ. ನಾ ಏನಂದಿದ್ದೆ? ವಿಕೆಟ್ ತೆಗೆಯೋರ್ನ ಆಡಸ್ರಿ ಅಂದಿದ್ದೆ. ಶಾರ್ದೂಲ್ ಜಾಗಕ್ಕ ಖರೇ ಬೌಲರ್‌ಗಳ್ನ ಹಾಕಿದ್ರು, ಸಿರಾಜ್ ಪ್ರಸಿದ್ಧ್ ಇಬ್ರ ಸೇರಿ 17 ವಿಕೆಟ್.

ಬಳ್ಳಾರಿ ಕೋಟೆ · 5:41

ಅಣ್ಣಾ ಎರಡ್ನೇ ಇನಿಂಗ್ಸಲ್ಲಿ ಸುಂದರ್ 53 ಹೊಡೀದಿದ್ರೆ ನಿಮ್ ಆರು ರನ್ ಎಲ್ಲಿಂದ ಬರ್ತಿತ್ತು? ಆಕಾಶ್ ದೀಪ್ 66 ಹೊಡ್ದ, ದಿನದ ಕೊನೇಲಿ ಒಳ್ಳೆ ಬ್ಯಾಟ್ಸ್‌ಮನ್‌ನ ಉಳಿಸೋಕೆ ನೈಟ್‌ವಾಚ್‌ಮನ್ ಆಗಿ ಬಂದು. 8ನೇ ನಂಬರ್ ಬ್ಯಾಟಿಂಗ್ ಬೇಡ ಅಂದೋರು ಯಾರು? ಸ್ಕ್ರೋಲ್ ಮಾಡಿ ಮೇಲೆ ನೋಡಿ, ನಿಮ್ ಟೀಮಲ್ಲಿ ಸುಂದರೇ ಇರ್ಲಿಲ್ಲ. ಮತ್ತೆ ಹತ್ತು ಕರೆಕ್ಟ್ ಅಂತ ಬೇರೆ!

ಎಡದಂಡೆ ಕಾರಟಗಿ · 5:44

…ಆತು, ಸುಂದರ್ ವಿಷಯದಾಗ ಸೋತೆ.

ಸಿಂಧನೂರಕ್ಕ · 6:10

ಕರುಣ್ 57 ಮತ್ತ 17. ಎಂಟು ಇನಿಂಗ್ಸಿಗೆ 205. ಅಕ್ಟೋಬರ್‌ದಾಗ ವೆಸ್ಟ್ ಇಂಡೀಸ್ ಬರತಾರ, ಆವಾಗ ಟೀಮಿನ್ಯಾಗ ಇರ್ತಾನೋ ಇಲ್ಲೋ ನನಗ ಅನುಮಾನ. ಆದ್ರ ಮೊದಲ ದಿನ ಅಂವ ಹೊಡ್ದ ಆ 57 ತೆಗ್ದು ನೋಡ್ರಿ, ಆರು ರನ್ನಿಂದ ಗೆದ್ದ ಮ್ಯಾಚ್ ಇದು.

ಕೊಪ್ಪಳ ಲೆಗ್‌ಬ್ರೇಕ್ · 6:22

ಐದು ಟೆಸ್ಟ್, ಕುಲದೀಪ್ ಸೊನ್ನಿ ಬಾಲ್. ಗೆದ್ದದ್ದಕ್ಕ ಖುಷಿ ಐತಿ, ಸಿಟ್ಟೂ ಐತಿ. ವೆಸ್ಟ್ ಇಂಡೀಸ್ ಬರಲಿ, ನಮ್ಮ ಪಿಚ್ ಮ್ಯಾಲೆ ಹೆಂಗ ಕೂಡಸ್ತಾರ ನೋಡ್ತೀನಿ.

ಮಾನ್ವಿ ಟೇಲೆಂಡ್ · 6:30

ಗಣಿಧೂಳು ಅಣ್ಣಾರು ಮೂರು ದಿನದಿಂದ ಆಫ್‌ಲೈನ್. ಪ್ರಸಿದ್ಧ್ ಎರಡ್ನೇ ಇನಿಂಗ್ಸ್‌ದಾಗೂ 4 ತೆಗ್ದಾನ ರೀ. ಅಂದ್ರ ತಲಿಗೆ ಎರಡೆರಡು ಪ್ಲೇಟ್.

ಗಣಿಧೂಳು ಸಂಡೂರು · 7:15

ಇದೀನಿ ಇದೀನಿ, ಓಡಿ ಹೋಗಿಲ್ಲ. ಒಂದು ಇನಿಂಗ್ಸ್ ಅಂತ ಬರ್ದಿದ್ದೆ, ಆದ್ದರಿಂದ ಒಂದೇ ಪ್ಲೇಟ್. ಭಾನುವಾರ ಬೆಳಗ್ಗೆ ಎಂಟಕ್ಕೆ ಗಂಗಾವತಿ ಬಸ್ ಸ್ಟ್ಯಾಂಡ್. ಯಾರು ಬರ್ತೀರ ಹೇಳಿ, ಎಷ್ಟು ಮಿರ್ಚಿ ಅಂತ ಮೊದಲೇ ಲೆಕ್ಕ ಕೊಡಿ, ಅಲ್ಲಿ ಬಂದು ಕೊಪ್ಪಳದೋರು ಎರಡು ಹೆಚ್ಚಿಗೆ ಅಂದ್ರೆ ಕೊಡಲ್ಲ.

ಕೊಪ್ಪಳ ಲೆಗ್‌ಬ್ರೇಕ್ · 7:16

ನಾಲ್ಕು ಮಿರ್ಚಿ. ವಗ್ಗರಣಿ ಅಂತ ಬೋರ್ಡ್ ಇರೋ ಹೋಟ್ಲಿಗೇ ಬರಾವ ನಾನು.